ಸೇವೆಗೆ ಬಂದ್ರಾ, ಬ್ರದರ್?

 

2021ರ ಜನವರಿಯಲ್ಲಿ ಮೆಟ್ರೋ ನಮ್ಮ ತಲಘಟ್ಟಪುರಕ್ಕೆ ಬಂತು. ಆಮೇಲೆ ಬನಶಂಕರಿ, ಜಯನಗರದ ಕಡೆಯಿಂದಲೂ ಹೊಸಬರು ಆರಾಧನೆಗೆ ಬರ್ತಿದ್ದಾರೆ, ದೇವರಿಗೆ ಸ್ತೋತ್ರ. ಅವರಲ್ಲಿ ಒಬ್ಬ ಸಹೋದರರು ಹೋದ ವಾರ ನನ್ನ ಹತ್ರ ಬಂದು, "ಪಾಸ್ಟರ್, ಮೂರು ಸಭೆ ಬದಲಾಯಿಸಿದೆ. ದೇವರ ಸೇವೆಯಲ್ಲಿ ನನ್ನ ಸ್ಥಳ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ" ಅಂದ್ರು. ನಾನು ಏನಂದೆ? "ಪ್ರಾರ್ಥನೆ ಮಾಡಿ ಬ್ರದರ್, ದೇವರು ತೋರಿಸ್ತಾರೆ." ಅದು ತಪ್ಪಲ್ಲ. ಆದ್ರೆ ಸುಲಭದ ಉತ್ತರ. ಅವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ.

ನಮ್ಮ ಮಾತನ್ನೇ ಸ್ವಲ್ಪ ಗಮನಿಸಿ. "ಸೇವೆಗೆ ಬಂದ್ರಾ?" ಅಂತ ಕೇಳ್ತೀವಲ್ಲ, ಕೆಲಸ ಬಿಟ್ರಾ, ಮೈಕ್ ಹಿಡಿದ್ರಾ ಅಂತ ಅದರ ಅರ್ಥ. ಕೀಬೋರ್ಡ್ ನುಡಿಸುವವರಿಗೆ ಅಭಿಷೇಕ ಇದೆ ಅಂತೀವಿ. ಚಾಪೆ ಹಾಸುವವನಿಗೆ "ಒಳ್ಳೇ ಹುಡುಗ" ಅಂತೀವಿ. ಅಭಿಷೇಕಕ್ಕೆ ಚಾಪೆ ಕಾಣಿಸೋದೇ ಇಲ್ವಾ?

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆಯಿರಿ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗ್ತಿರಲಿಲ್ಲ. ಭಾಷೆಯ ಜಗಳ, ನೋಡಿ, ಅಲ್ಲೂ ಇತ್ತು! ಊಟ ಹಂಚೋದಕ್ಕೆ ಏಳು ಜನರನ್ನು ಆರಿಸಬೇಕಾಯ್ತು. ಅದಕ್ಕೆ ಅಪೊಸ್ತಲರು ಇಟ್ಟ ಅರ್ಹತೆ ಏನು? ಪವಿತ್ರಾತ್ಮದಿಂದ ತುಂಬಿದವರಾಗಿರಬೇಕು, ಜ್ಞಾನ ಇರಬೇಕು, ಒಳ್ಳೇ ಹೆಸರಿರಬೇಕು. ಬಡಿಸೋದಕ್ಕೆ! ಆರಿಸಿದವರ ಹೆಸರುಗಳನ್ನು ಓದಿ, ಏಳೂ ಗ್ರೀಕ್ ಹೆಸರುಗಳೇ. ಬಹುಶಃ ಯಾರಿಗೆ ನೋವಾಗಿತ್ತೋ ಆ ಕಡೆಯವರ ಕೈಗೇ ಸೌಟು ಕೊಟ್ರು. ಇಲ್ಲಿ ಒಬ್ಬರೂ "ನನ್ನ ವರ ಯಾವುದು" ಅಂತ ಹುಡುಕ್ತಾ ಬಂದಿರಲಿಲ್ಲ. ಹಸಿದವರಿದ್ರು, ಸಭೆ ಹೆಸರು ಹಿಡಿದು ಕರೀತು, ಅವರು ಹೋದ್ರು.

ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದ್ರು. ಬಂದದ್ದು ಸುವಾರ್ತೆ ಸಾರೋದಕ್ಕೆ. ಆದ್ರೆ ಕನ್ನಡ ಅವರನ್ನು ಹಿಡಿದುಕೊಳ್ತು. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯ್ತು, ಸುಮಾರು 70,000 ಪದಗಳು. ವರ್ಷಗಟ್ಟಲೆ ಒಂದೊಂದೇ ಪದದ ಬೆನ್ನು ಹತ್ತಿ ಕೂತ ಆ ಮನುಷ್ಯನನ್ನು ನಾವಾಗಿದ್ರೆ ಏನು ಕೇಳ್ತಿದ್ವಿ? "ಎಷ್ಟು ಆತ್ಮಗಳು ಬಂದವು, ಬ್ರದರ್?"

ಆದ್ರೂ ಈ ಉದಾಹರಣೆ ಹೇಳುವಾಗ ನಂಗೆ ಸ್ವಲ್ಪ ಸಂಕೋಚ. ಕಿಟೆಲ್‌ಗೆ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇದೆ. ಪಕ್ಕದಲ್ಲಿ ಕೂತು ಪದಗಳನ್ನು ಬಿಡಿಸಿ ಹೇಳಿದ ಇಲ್ಲಿನ ಪಂಡಿತರಿಗೆ ಇಲ್ಲ. "ಸಣ್ಣ ಕೆಲಸ ಮಾಡಿ, ಒಂದು ದಿನ ದೊಡ್ಡವರಾಗ್ತೀರಿ" ಅಂತ ನಾನು ಬೋಧಿಸಿದ್ರೆ, ಅದೂ ವೇದಿಕೆಯ ಆಸೆಯೇ. ದಾರಿ ಮಾತ್ರ ಸ್ವಲ್ಪ ಉದ್ದ.

ಈಗ ಇನ್ನೊಂದು ಮಾತು. ಇದು ನಿಮಗಲ್ಲ, ನನಗೆ. ಆ ಏಳು ಜನರಲ್ಲಿ ಫಿಲಿಪ್ಪ ಇದ್ದ. ಹಿಂಸೆ ಬಂದು ಸಭೆ ಚದುರಿದಾಗ, 8ನೇ ಅಧ್ಯಾಯದಲ್ಲಿ, ಅವನು ಸಮಾರ್ಯದಲ್ಲಿ ಸಾರ್ತಾ ಇದ್ದಾನೆ. "ನೀನು ಬಡಿಸೋನು, ನಿಂಗ್ಯಾಕಪ್ಪಾ ಇದು" ಅಂತ ಯಾರಾದ್ರೂ ತಡೆದ್ರಾ? ಇಲ್ಲ. ಪೇತ್ರ ಯೋಹಾನರೇ ಅಲ್ಲಿಗೆ ಹೋಗಿ ಅವನ ಕೆಲಸಕ್ಕೆ ಜೊತೆಯಾದ್ರು. 21ನೇ ಅಧ್ಯಾಯಕ್ಕೆ ಬಂದ್ರೆ ಅವನು ಕೈಸರೈಯದಲ್ಲಿ ಮನೆ ಮಾಡಿಕೊಂಡು ಪೌಲನನ್ನು ಇಳಿಸಿಕೊಂಡಿದ್ದಾನೆ. ಅವನ ನಾಲ್ಕು ಹೆಣ್ಣುಮಕ್ಕಳೂ ಪ್ರವಾದಿಸ್ತಿದ್ರು.

ನಮ್ಮ ಸಭೆಯಲ್ಲಿ ಒಬ್ಬ ಸಹೋದರಿ ಇದ್ದಾರೆ, ಹೆಸರು ಹೇಳಲ್ಲ. ಹನ್ನೊಂದು ವರ್ಷದಿಂದ ಪ್ರೀತಿಭೋಜನದ ಪಾತ್ರೆ ತೊಳೀತಾರೆ. ಒಂದು ಸಲ ಅವರ ಮನೆಗೆ ಪ್ರಾರ್ಥನೆಗೆ ಹೋದಾಗ ಪಕ್ಕದ ಮನೆ ಮಕ್ಕಳಿಗೆ ರೂತಳ ಕಥೆ ಹೇಳ್ತಿದ್ರು. ಬಾಗಿಲಲ್ಲೇ ನಿಂತುಬಿಟ್ಟೆ. ಬೈಬಲ್ ಕಾಲೇಜಿನಲ್ಲಿ ಓದಿದ ನಂಗೆ ಹಾಗೆ ಹೇಳೋಕೆ ಬರಲ್ಲ. ಆದ್ರೂ ಏನೂ ಮಾಡಲಿಲ್ಲ. ಯಾಕೆ? ಪಾತ್ರೆಗೆ ಬೇರೆ ಯಾರೂ ಇರಲಿಲ್ಲ. ಅವರ ಸುಮ್ಮನಿರುವಿಕೆಯನ್ನು ಈ ಪುಲ್ಪಿಟ್‌ನಿಂದಲೇ ದೀನತೆ ಅಂತ ಹೊಗಳಿದ್ದೀನಿ. ಕರ್ತರು ನನ್ನನ್ನು ಕ್ಷಮಿಸಲಿ.

ಮೂರು ಸಭೆ ಬದಲಾಯಿಸಿದ ಸಹೋದರರಿಗೆ ಬುಧವಾರ ಫೋನ್ ಮಾಡಿದೆ. "ಬ್ರದರ್, ಒಂದು ತಿಂಗಳು ಸ್ಥಳ ಹುಡುಕೋದು ಬಿಡಿ. ಆರಾಧನೆ ಮುಗಿದ ಮೇಲೆ ಯಾರು ಒಬ್ಬರೇ ಮೆಟ್ರೋ ಕಡೆ ನಡೀತಾರೆ ನೋಡಿ, ಅವರ ಜೊತೆ ನಡೀರಿ" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. "ಅದು ಸೇವೆನಾ ಪಾಸ್ಟರ್?" ಅಂದ್ರು.

ಆ ಸಹೋದರಿಗೂ ಫೋನ್ ಮಾಡಿದೆ. ಮುಂದಿನ ಭಾನುವಾರದಿಂದ ಸಂಡೇ ಸ್ಕೂಲ್ ನಡೆಸ್ತೀರಾ ಅಂತ ಕೇಳಿದೆ. ಅವರು ಕೇಳಿದ್ದು ಒಂದೇ: "ಪಾತ್ರೆ ಯಾರು ತೊಳೀತಾರೆ ಪಾಸ್ಟರ್?"

ಇವತ್ತು ಪ್ರೀತಿಭೋಜನ ಇದೆ. ಸಿಂಕ್ ಹತ್ರ ನಾನಿರ್ತೀನಿ. ಇನ್ನಿಬ್ಬರು ಬೇಕು. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.