ಕೈವಾಡ ಯಾರದು, ನೋವು ಯಾರದು?

ದೂರದ ದೇಶವೊಂದರಲ್ಲಿ ಜನ ಬೀದಿಗಿಳಿದ ಸುದ್ದಿ ಬಂದ ಕೂಡಲೇ ನಮ್ಮಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, ‘ಜನ ಎದ್ದಿದ್ದಾರೆ’. ಇನ್ನೊಂದು, ‘ಇದರ ಹಿಂದೆ ಯಾರೋ ಇದ್ದಾರೆ’. ಎರಡನ್ನೂ ಆಡುವ ನಾವು ಆ ಬೀದಿಯನ್ನು ಕಂಡವರಲ್ಲ. ಯಾರೋ ಆಯ್ದು ತೋರಿಸಿದ ಚಿತ್ರಗಳನ್ನಷ್ಟೇ ಕಂಡವರು.

ಎರಡನೆಯ ಮಾತು ಬರೀ ಶಂಕೆಯಲ್ಲ. ಇರಾನಿನ ತೈಲವನ್ನು ಬ್ರಿಟಿಷ್ ಕಂಪನಿಯ ಹಿಡಿತದಿಂದ ಬಿಡಿಸಲು ಹೊರಟ ಪ್ರಧಾನಿ ಮೊಸಾದೆಗ್ 1953ರ ಆಗಸ್ಟ್ 19ರಂದು ಪದಚ್ಯುತರಾದರು. ಆ ದಿನ ಟೆಹರಾನಿನ ಬೀದಿಗಳಲ್ಲಿ ಷಾ ಪರವಾದ ಗುಂಪುಗಳಿದ್ದವು. ಅದಕ್ಕೂ ಮೊದಲೇ ಅಮೆರಿಕದ ಸಿಐಎ ಅಲ್ಲಿನ ಪತ್ರಿಕೆಗಳಲ್ಲಿ ಮೊಸಾದೆಗ್ ವಿರುದ್ಧ ಬರಹಗಳನ್ನು, ವ್ಯಂಗ್ಯಚಿತ್ರಗಳನ್ನು ತೂರಿಸಿತ್ತು. ಆ ಕ್ಷಿಪ್ರಕ್ರಾಂತಿಯಲ್ಲಿ ತನ್ನ ಪಾತ್ರವನ್ನು ಸಿಐಎ ಒಪ್ಪಿಕೊಂಡ ದಾಖಲೆ ಬಹಿರಂಗವಾದದ್ದು 2013ರಲ್ಲಿ, 60 ವರ್ಷಗಳ ನಂತರ.

ಆದರೆ ಅದೇ ನಗರದಲ್ಲಿ 2022ರ ಸೆಪ್ಟೆಂಬರಿನಲ್ಲಿ, ಹಿಜಾಬ್ ನಿಯಮದ ಹೆಸರಲ್ಲಿ ಬಂಧಿತಳಾದ 22ರ ಹರೆಯದ ಮಹ್ಸಾ ಅಮಿನಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಸ್ಪತ್ರೆಯಿಂದ ವರದಿ ಮಾಡಿದವರು ನಿಲೂಫರ್ ಹಮೇದಿ, ಅಂತ್ಯಕ್ರಿಯೆಯನ್ನು ವರದಿ ಮಾಡಿದವರು ಇಲಾಹೆ ಮೊಹಮ್ಮದಿ. ಇಬ್ಬರೂ ಅಲ್ಲಿನ ಪತ್ರಕರ್ತೆಯರೇ. ಜನ ಸಿಡಿದೆದ್ದಾಗ ಆಳುವವರು ಅಮೆರಿಕ, ಇಸ್ರೇಲಿನತ್ತ ಬೆರಳು ಮಾಡಿದರು. ಈ ಇಬ್ಬರು ಅಮೆರಿಕದೊಂದಿಗೆ ಸೇರಿ ಕೆಲಸ ಮಾಡಿದ ಆರೋಪದಡಿ ಸೆರೆಮನೆ ಸೇರಿದರು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೇ ಆ ಆರೋಪವನ್ನು ತಳ್ಳಿಹಾಕಿತು. ಅಷ್ಟರಲ್ಲಿ ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಾಗಿತ್ತು.

1953ರ ನಿಜ 2022ರ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲುವುದು ಹೀಗೆ. ಹಳೆಯ ಗಾಯ ನಿಜವಾದದ್ದೇ. ಅದನ್ನು ತೋರಿಸಿ ಹೊಸ ಗಾಯವನ್ನು ಮುಚ್ಚುವುದು ಮಾತ್ರ ಅನ್ಯಾಯ. ‘ವಿದೇಶಿ ಕೈವಾಡ’ ಎಂಬ ಮಾತು ಇಂದಿರಾ ಗಾಂಧಿಯವರ ಕಾಲದಿಂದ ನಮಗೂ ಹೊಸದಲ್ಲ.

ಇನ್ನೊಂದು ಸಂಗತಿ. ಹೊರಗಿನ ಕೈ ಸದಾ ಪ್ರತಿಭಟನಕಾರರ ಬೆನ್ನ ಹಿಂದೆಯೇ ಇರುವುದಿಲ್ಲ. 2011ರ ಮಾರ್ಚಿನಲ್ಲಿ ಬಹ್ರೇನ್ ದೊರೆಯ ನೆರವಿಗೆ ಸೌದಿ ಪಡೆಗಳು ಗಡಿ ದಾಟಿ ಬಂದವು. ಅದೂ ಹಸ್ತಕ್ಷೇಪವೇ. ಆದರೆ ಕೈವಾಡದ ಚರ್ಚೆಯಲ್ಲಿ ಅದು ನೆನಪಾಗುವುದು ಅಪರೂಪ.

ಹಾಗಾಗಿ ಓದುಗರಾದ ನಾವು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಬೇಕು. ಹೊರಗಿನವರು ಕೈಹಾಕಿದ್ದಾರೆಯೇ? ಇದಕ್ಕೆ ಪುರಾವೆ ಬೇಕು. ಜನರ ನೋವು ನಿಜವೇ? ಇದಕ್ಕೆ ಆ ಜನರ ಮಾತು ಕೇಳಬೇಕು. ಮೊದಲನೆಯದಕ್ಕೆ ‘ಹೌದು’ ಎಂದಾದರೂ ಎರಡನೆಯದಕ್ಕೆ ತಾನಾಗಿ ‘ಇಲ್ಲ’ ಎಂದಾಗುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ನೆರೆಯವನು ಅದರಲ್ಲಿ ಚಳಿ ಕಾಯಿಸಿಕೊಂಡಿರಬಹುದು. ಅಷ್ಟಕ್ಕೇ ಒಳಗಿದ್ದವರ ಕೂಗು ನಟನೆಯಾಗುತ್ತದೆಯೇ?