ಭಕ್ಷ್ಯಾಭಕ್ಷ್ಯ ವಿವೇಕ: ಒಂದು ತುಂಡು ಚೀಸ್‌ನ ನೆಪದಲ್ಲಿ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನ ಮಿತ್ರರೊಬ್ಬರ ಸಣ್ಣ ಕಾರ್ಖಾನೆಯಿದೆ. ಮನೆಯೂ ಅದರ ಹಿಂಬದಿಯಲ್ಲೇ. ಭಾನುವಾರ ಯಂತ್ರಗಳು ನಿಂತಿರುವ ಹೊತ್ತಿನಲ್ಲಿ ನಾವು ನಾಲ್ಕಾರು ಮಂದಿ ಅಲ್ಲಿ ಸೇರುವುದು ಬಹಳ ವರ್ಷಗಳ ರೂಢಿ. ಯಂತ್ರೋಪಕರಣಗಳನ್ನು ನೋಡಿ ಬರಲೆಂದು ಇಟಲಿಗೆ ಹೋಗಿದ್ದ ಅವರು, ಹಿಂದಿರುಗುವಾಗ ಅಲ್ಲಿಯ ಮಾರುಕಟ್ಟೆಯೊಂದರಿಂದ ಅರ್ಧ ಕಿಲೋದಷ್ಟು ಪಾರ್ಮಿಜಾನೊ ಚೀಸನ್ನು ತಂದಿದ್ದರು. ಹಳದಿ ಬಣ್ಣದ, ಕಲ್ಲಿನಂತೆ ಗಟ್ಟಿಯಾದ ಆ ತುಂಡನ್ನು ಚಾಕುವಿನಿಂದ ಮೀಟಿ ಒಬ್ಬೊಬ್ಬರ ಅಂಗೈಗೂ ಒಂದೊಂದು ಚೂರನ್ನು ಹಾಕಿದರು. ನಾಲಿಗೆಯ ಮೇಲಿಟ್ಟಾಗ ಮೊದಲು ಉಪ್ಪು, ಅನಂತರ ಹುರಿದ ಕಾಯಿಯಂಥ ಪರಿಮಳ, ಹಲ್ಲಿಗೆ ಸಿಕ್ಕಾಗ ಸಕ್ಕರೆಯ ಹರಳಿನಂತೆ ಕಟುಮ್ಮೆನ್ನುವ ಕಣಗಳು. ನಾನು ಎರಡನೆಯ ಬಾರಿಯೂ ಕೈಯೊಡ್ಡಿದೆ.

ನನಗೆ ಈ ಪದಾರ್ಥದ ಮೋಹ ಹೊಸದಲ್ಲ. ನೀಲಗಿರಿ, ಕೊಡೈಕನಾಲುಗಳಿಗೆ ಹೋದಾಗಲೆಲ್ಲ ಚೀಸ್ ಅಂಗಡಿಗಳನ್ನು ಹುಡುಕಿಕೊಂಡು ಅಲೆದವನು ನಾನು. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಪಂಥದ ಕ್ರೈಸ್ತ ಸನ್ಯಾಸಿಗಳು ಇಟಲಿಯ ಕ್ರಮದಲ್ಲಿ ತಯಾರಿಸುವ ಬಿಳಿಯ ಮೃದು ಚೀಸನ್ನೂ ಪ್ರೀತಿಯಿಂದ ತಿಂದಿದ್ದೇನೆ. ಹಾಲಿನಿಂದಾದದ್ದು, ಆದ್ದರಿಂದ ಸಾತ್ವಿಕವೆಂಬುದೇ ನನ್ನ ಸಮಾಧಾನವಾಗಿತ್ತು.

ಮಿತ್ರರ ಮಗಳು ಮೇಲುಹೊದಿಕೆಯನ್ನು ಕೈಗೆತ್ತಿಕೊಂಡು ಓದಿದಳು. ಅದರಲ್ಲಿದ್ದದ್ದು ಮೂರೇ ಪದಾರ್ಥಗಳು: ಹಾಲು, ಉಪ್ಪು, ‘ಕಾಲ್ಯೊ’. ಆ ಮೂರನೆಯದರ ಅರ್ಥವನ್ನೂ ಅವಳೇ ಹುಡುಕಿ ಹೇಳಿದಳು: ರೆನೆಟ್, ಎಂದರೆ ಚೀಸಿಗೆ ಹಾಕುವ ಹೆಪ್ಪು. ಇನ್ನೂ ಹಾಲು ಕುಡಿಯುತ್ತಿರುವ ಎಳೆಗರುವಿನ ನಾಲ್ಕನೆಯ ಜಠರದಿಂದ ತೆಗೆಯುವ ರಸ ಅದು. ಹಾಲಿನ ಕೇಸೀನ್ ಕಣಗಳನ್ನು ಒಂದಕ್ಕೊಂದು ಅಂಟದಂತೆ ದೂರವಿರಿಸುವ ಹೊರಪದರವನ್ನು ಅದು ಕತ್ತರಿಸುತ್ತದೆ. ಆಗ ಕಣಗಳು ಕೂಡಿ ಗಟ್ಟಿಯಾಗುತ್ತವೆ. ತಾಯಿಯ ಹಾಲು ಬೇಗನೆ ಹರಿದುಹೋಗದೆ ಹೊಟ್ಟೆಯಲ್ಲಿ ನಿಂತು ಜೀರ್ಣವಾಗಲೆಂದು ಪ್ರಕೃತಿಯು ಕರುವಿಗೆ ಕೊಟ್ಟ ಸಾಧನ. ಕರುವನ್ನು ಕೊಲ್ಲದೆ ಅದು ದೊರೆಯುವುದಿಲ್ಲ. ಆ ಚೀಸಿನ ಒಂದು ಗಾಲಿಗೆ 500 ಲೀಟರಿಗೂ ಮಿಕ್ಕಿ ಹಾಲು ಬೇಕು, ಕನಿಷ್ಠ 12 ತಿಂಗಳು ಮಾಗಿಸಬೇಕು, ಕರುವಿನ ರೆನೆಟ್ಟನ್ನೇ ಬಳಸಬೇಕು. ಇವೆಲ್ಲ ಆ ಹೆಸರನ್ನು ಹೊರುವ ಚೀಸಿಗೆ ಅಲ್ಲಿಯ ಕಟ್ಟುಪಾಡುಗಳು.

ಕೆಲಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಮಿತ್ರರು ವಾದಕ್ಕೆ ತೊಡಗಿದರು. ವ್ಯಾಪಾರಸ್ಥರಿಗೆ ವಾದ ಸಲೀಸು. “ಆ ಕರುವನ್ನು ಮಾಂಸಕ್ಕಾಗಿ ಕೊಲ್ಲುತ್ತಾರೆ; ಜಠರ ಉಳಿದದ್ದು. ನಮಗಾಗಿ ಕೊಂದದ್ದಲ್ಲ. ಮೇಲಾಗಿ ನಮಗೆ ತಿಳಿದಿರಲಿಲ್ಲ. ಸಂಕಲ್ಪವಿಲ್ಲದಲ್ಲಿ ಹಿಂಸೆಯೆಲ್ಲಿಂದ ಬಂತು?”

ಮೊದಲನೆಯ ಮಾತಿಗೆ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿಯೇ ಉತ್ತರ ಕೊಟ್ಟಿದ್ದಾರೆ. ತಾನಾಗಿ ಸತ್ತ ಎಮ್ಮೆ, ಎತ್ತುಗಳ ಮಾಂಸದಲ್ಲಿಯೂ ಹಿಂಸೆ ತಪ್ಪದೆಂದು ಅವರು ಹೇಳುತ್ತಾರೆ. ಅದರ ಆಶ್ರಯದಲ್ಲಿ ಹುಟ್ಟುವ ಸೂಕ್ಷ್ಮಜೀವಗಳ ಘಾತವಾಗುತ್ತದೆ ಎಂಬುದು ಅವರ ಕಾರಣ. ಯಾರೂ ಕೊಲ್ಲದ ಪ್ರಾಣಿಗೇ ಈ ನಿಯಮವಾದರೆ, ಬೇರೊಬ್ಬರಿಗಾಗಿ ಕೊಂದ ಕರುವಿನ ಮಾತೇನು? ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಲ್ಲಿ ಕೊಳ್ಳುವವನ ಹಣವು ಮೂರನೆಯದನ್ನಂತೂ ತೆರೆದೇ ತೆರೆಯುತ್ತದೆ.

ಎರಡನೆಯ ಮಾತು ಅಷ್ಟು ಸುಲಭವಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನಷ್ಟೇ ಹೇಳದೆ, ಅದರ ಹಿಂದಿನ ಪ್ರಮಾದವನ್ನು ಮುಂದಿಟ್ಟಿದ್ದಾರೆ. ಎಚ್ಚರದಿಂದ ನಡೆಯುವ ಮುನಿಯ ಪಾದದಡಿ ಕೀಟವೊಂದು ಸಿಕ್ಕರೆ ಬಂಧವಿಲ್ಲ, ಅಜಾಗರೂಕನಿಗೆ ಜೀವ ಸಾಯದಿದ್ದರೂ ಬಂಧವುಂಟು. ಹಾಗಾದರೆ ತಿಳಿಯದೆ ತಿಂದ ನಾವು ಯಾವ ಸಾಲಿಗೆ ಸೇರಿದವರು?

ಇಲ್ಲಿ ನನ್ನದೊಂದು ಸಂಗತಿಯನ್ನು ಓದುಗರ ಮುಂದೆ ಮುಚ್ಚಿಡಲಾರೆ. ಮಿತ್ರರಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಪಾಶ್ಚಾತ್ಯ ಚೀಸುಗಳಿಗೆ ಕರುವಿನ ಜಠರದ ರಸವನ್ನು ಬಳಸುತ್ತಾರೆಂದು ಬಹಳ ಹಿಂದೆಯೇ ಓದಿದ್ದೆ. ಆ ದಿನ ಅಂಗೈಯೊಡ್ಡುವಾಗ ಆ ನೆನಪು ಒಂದು ಕ್ಷಣ ತಲೆಯೆತ್ತಿತ್ತು. ಮೇಲುಹೊದಿಕೆಯನ್ನು ನೋಡೋಣವೆನ್ನಲು ಎರಡು ಮಾತು ಸಾಕಾಗಿತ್ತು. ಉತ್ತರ ಬಂದರೆ ರುಚಿ ತಪ್ಪೀತೆಂದು ನಾನು ಕೇಳಲಿಲ್ಲ. ಇದು ಅಜ್ಞಾನವಲ್ಲ, ಅಜ್ಞಾನವನ್ನು ಜತನದಿಂದ ಕಾಪಾಡಿಕೊಳ್ಳುವ ಕೌಶಲ. ಪ್ರಮಾದವೆಂದರೆ ನಿದ್ದೆ, ಮರೆವು ಎಂದು ನಾವು ಅರ್ಥೈಸುತ್ತೇವೆ. ಕಣ್ಣು ತೆರೆದೇ ಇದ್ದು ಒಂದು ದಿಕ್ಕಿಗೆ ಮಾತ್ರ ನೋಡದಿರುವ ಪ್ರಮಾದವೂ ಇದೆ. ಅದನ್ನು ನಡೆಸುವುದು ಜಿಹ್ವೇಂದ್ರಿಯ. ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗಕ್ಕೆ ಪ್ರತ್ಯೇಕ ಸ್ಥಾನವನ್ನೇಕೆ ಕೊಟ್ಟರೆಂಬುದು ನನಗೆ ಅಂದು ಸ್ವಲ್ಪ ಹೊಳೆಯಿತು. ಹಾಲು, ತುಪ್ಪಗಳು ಭಕ್ಷ್ಯವೇ ಆಗಿದ್ದರೂ ಅವನ್ನು ಆಗಾಗ ಬಿಡಬೇಕೆಂದದ್ದು ಪದಾರ್ಥದ ದೋಷಕ್ಕಲ್ಲ, ರುಚಿಗೆ ಸೋತ ಮನಸ್ಸು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆಂಬುದಕ್ಕೆ.

ಹಾಗೆಂದು ಚೀಸೆಲ್ಲವೂ ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದ ಆಹಾರ ಮಾನದಂಡದಲ್ಲಿ ಚೀಸಿಗೆ ಪ್ರಾಣಿಜನ್ಯವಲ್ಲದ ರೆನೆಟ್ಟನ್ನೇ ಹೇಳಿದೆ. 2001ರಿಂದ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆಯೂ ಬಂದಿದೆ. ಶಿಲೀಂಧ್ರದಿಂದ ಪಡೆದ ರೆನೆಟ್ ಬಹುಕಾಲದಿಂದ ಬಳಕೆಯಲ್ಲಿದೆ. ಪೋರ್ಚುಗಲ್, ಸ್ಪೇನುಗಳಲ್ಲಿ ಮುಳ್ಳುಗಿಡವೊಂದರ ಹೂವಿನಿಂದಲೇ ಹಾಲೊಡೆಯುವ ಚೀಸುಗಳಿವೆ. 1990ರಲ್ಲಿ ಅಮೆರಿಕವು ಅನುಮತಿಸಿದ ಮತ್ತೊಂದು ವಿಧಾನದಲ್ಲಿ ಕರುವಿನ ವಂಶವಾಹಿಯ ಪ್ರತಿಯನ್ನು ಸೂಕ್ಷ್ಮಾಣುವಿಗೆ ಸೇರಿಸಿ ಅದರಿಂದಲೇ ಆ ಕಿಣ್ವವನ್ನು ಪಡೆಯುತ್ತಾರೆ. ಪ್ರತಿ ಸಲ ಕರು ಬೇಕಿಲ್ಲ. ನನ್ನ ಮಟ್ಟಿಗೆ ಇದು ಒಪ್ಪತಕ್ಕದ್ದೇ. ಆದರೆ ಮೊಸರಿಗೂ ಕಾಲಮರ್ಯಾದೆಯನ್ನು ವಿಧಿಸಿ, ಬೆಣ್ಣೆಯನ್ನು ಮದ್ಯ, ಮಾಂಸ, ಮಧುಗಳ ಸಾಲಿನಲ್ಲಿಟ್ಟ ಪರಂಪರೆಯು ವರ್ಷಗಟ್ಟಲೆ ಮಾಗಿಸಿದ, ಬೇಕೆಂದೇ ಬೂಷ್ಟು ಬೆಳೆಸಿದ ಪದಾರ್ಥವನ್ನು ಹಸಿರು ಚುಕ್ಕೆಯನ್ನಷ್ಟೇ ನೋಡಿ ಸ್ವೀಕರಿಸಲಾರದು. (ಬೆಣ್ಣೆದೋಸೆಯ ಊರಿನಲ್ಲಿ ಕುಳಿತು ಇದನ್ನು ಬರೆಯುವ ಕಷ್ಟ ಓದುಗರಿಗೆ ತಿಳಿಯದ್ದೇನಲ್ಲ.)

ಉಳಿದ ತುಂಡನ್ನು ಏನು ಮಾಡುವುದೆಂಬ ಚರ್ಚೆ ಎದ್ದಿತು. ಮಾಂಸಾಹಾರಿಗಳಾದ ಪರಿಚಿತರಿಗೆ ಕೊಡೋಣವೆಂದರು ಒಬ್ಬರು. ನಾವು ತಿನ್ನಲಾಗದ್ದನ್ನು ಪರರಿಗೆ ನೀಡುವುದು ಎಂಥ ದಾನವೆಂದರು ಇನ್ನೊಬ್ಬರು. ಬಿಸಾಡಿದರೆ ಸತ್ತ ಕರುವಿಗೆ ಮತ್ತೊಂದು ಅವಮಾನವೆಂದು ನನಗನಿಸಿತು. ಒಳಗಿನಿಂದ ಬಂದ ಮಿತ್ರರ ವೃದ್ಧ ತಾಯಿ ಏನೂ ಹೇಳದೆ ಅದನ್ನೆತ್ತಿಕೊಂಡು ಹೋಗಿ ಕಾಂಪೌಂಡಿನ ಹೊಂಗೆಮರದ ಬುಡದಲ್ಲಿ ಮಣ್ಣು ಮಾಡಿ ಬಂದರು. ಕೈ ತೊಳೆಯುತ್ತಾ ನನ್ನನ್ನು ಕೇಳಿದರು: “ಇಟಲಿ ಕರದ ಮಾತು ಆತಲ್ಲ ತಮ್ಮಾ, ನಿನ್ನ ಮನೀಗೆ ಬರೋ ಹಾಲಿನ ಕರ ಎಲ್ಲೈತಿ?”

ಚೀಸಿಗೆ ನಮ್ಮ ನಿಘಂಟುಗಳು ಕೊಡುವ ಪದ ‘ಗಿಣ್ಣು’. ನಮ್ಮ ಸೀಮೆಯಲ್ಲಿ ಗಿಣ್ಣೆಂದರೆ ಈದ ಎಮ್ಮೆಯ ಮೊದಲ ಹಾಲಿನದು. ಹೊಸದಾಗಿ ಈದವುಗಳ ಹಾಲನ್ನು ಕೆಲವು ದಿನ ಮುಟ್ಟಬಾರದೆಂದು ಹಿರಿಯರು ವಿಧಿಸಿದ್ದರೂ, ನೆರೆಯವರು ಪ್ರೀತಿಯಿಂದ ಕಳಿಸಿದ ಗಿಣ್ಣನ್ನು ಬಾಲ್ಯದಲ್ಲಿ ಗುಟ್ಟಾಗಿ ತಿಂದಿದ್ದು ನೆನಪಾಯಿತು. ಅದು ಯಾರ ಪಾಲಿನದೆಂದು ಆಗಲೂ ಕೇಳಿರಲಿಲ್ಲ.

ಮರುದಿನ ಮುಂಜಾನೆ, ಕರೂರಿನಿಂದ ಎಮ್ಮೆಹಾಲು ತರುವ ಹಿರಿಯರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. ಇಷ್ಟು ವರ್ಷ ಕೇಳದ ಪ್ರಶ್ನೆ ಈಗೇಕೆಂಬಂತೆ ಅವರು ನನ್ನನ್ನು ನೋಡಿದರು.

“ಕೋಣಗರ ಸಾಮಿ. ಇಟ್ಕಂಡು ಏನ್ ಮಾಡಾನ? ಹೋದ ತಿಂಗಳು ಸಂತೆಗೆ ಕೊಟ್ವಿ.”

ಎಂದಿನಂತೆ ಎರಡು ಲೀಟರ್ ಅಳೆದು ಹೊಯ್ದರು. ನಾನು ಪಾತ್ರೆಯನ್ನು ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದೆ.