ಸಮಾಧಾನವೋ, ಮೈಮರೆವೋ?



ನಂಬಿದವನಿಗೆ ಸಮಾಧಾನವುಂಟೆಂದು ನಾವು ಆದಿತ್ಯವಾರದ ಆರಾಧನೆಯಲ್ಲಿ ಕೇಳುತ್ತೇವೆ. ಎಚ್ಚರವಾಗಿರಬೇಕೆಂದೂ ಅಲ್ಲಿಯೇ ಕೇಳುತ್ತೇವೆ. ಈ ಎರಡು ಮಾತುಗಳು ಒಂದಕ್ಕೊಂದು ಹೇಗೆ ಒಗ್ಗುವವು? ದೇವರ ಮೇಲೆ ಭಾರ ಹಾಕಿದವನು ಮತ್ತೆ ಕಾವಲು ಕಾಯುವದೇಕೆ? ಕಾವಲು ಕಾಯುವವನಿಗೆ ವಿಶ್ರಾಂತಿ ಎಲ್ಲಿಯದು? ವೃದ್ಧರಾದ ಸಭೆಯವರೊಬ್ಬರು ನನ್ನನ್ನು ಹೀಗೆ ಕೇಳಿದಾಗ ತಕ್ಕ ಉತ್ತರವು ನನಗೆ ತೋಚಲಿಲ್ಲ. ಆದದರಿಂದ ಅದನ್ನೇ ಇಲ್ಲಿ ವಿಚಾರಿಸೋಣ.

ನಮ್ಮ ಸೀಮೆಯವರೆಲ್ಲರೂ ಬಲ್ಲ ಒಂದು ಸಂಗತಿಯುಂಟು. 2024ನೆಯ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಣಿಯು ಕಡಿದು, ಬಾಗಿಲು ಕೊಚ್ಚಿಹೋಯಿತು. ಸುಮಾರು ಒಂದು ವಾರದ ಮಹಾ ಪ್ರಯಾಸದಿಂದ ಆ ಕಂಡಿಯನ್ನು ಮುಚ್ಚಿದರು. ಅಷ್ಟರಲ್ಲಿ ರೈತರು ನೆಚ್ಚಿದ್ದ ನೀರು ಬಹಳ ಹರಿದುಹೋಗಿತ್ತು. ಯಾರ ತಪ್ಪೆಂದು ಹೇಳುವದು ನಮ್ಮ ಕೆಲಸವಲ್ಲ. ಸರಪಣಿ ಕಡಿದದ್ದು ಬರಗಾಲದಲ್ಲಿ ಅಲ್ಲ, ಜಲಾಶಯವು ತುಂಬಿ ಜನರು ಸಂತೋಷದಿಂದಿದ್ದಾಗಲೇ ಎಂಬದನ್ನು ಮಾತ್ರ ನೋಡಿರಿ. ಭಾರವು ಹೆಚ್ಚಾಗಿರುವದು ತುಂಬಿದ ದಿವಸದಲ್ಲಿಯೇ.

ಇದು ಎಲ್ಲರ ಕಣ್ಣಿಗೂ ಬಿದ್ದ ನಷ್ಟ. ಕಣ್ಣಿಗೆ ಬೀಳದ ನಷ್ಟವು ಇನ್ನೊಂದುಂಟು. 1953ರಲ್ಲಿ ನೀರು ನಿಲ್ಲಿಸಿದಾಗ ಆ ಜಲಾಶಯವು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಈಗ ಹಿಡಿಯುವದು ಸುಮಾರು 105. ಉಳಿದ ಸ್ಥಳವನ್ನು ಹೂಳು ತುಂಬಿಕೊಂಡಿದೆ. ಅದು ಬಂದ ರಾತ್ರಿ ಯಾವ ಗದ್ದಲವೂ ಆಗಲಿಲ್ಲ. ಮೇಲಿನಿಂದ ನೋಡಿದವನಿಗೆ ನೀರು ದಡದಿಂದ ದಡಕ್ಕೆ ಅಷ್ಟೇ ಅಗಲವಾಗಿ ಹೊಳೆಯುತ್ತದೆ, ಕಡಿಮೆಯಾದದ್ದು ಆಳವೇ.

ಪ್ರಕಟನೆಯ ಪುಸ್ತಕದ ಮೂರನೆಯ ಅಧ್ಯಾಯದಲ್ಲಿರುವ ಲವೊದಿಕೀಯದ ಸಭೆಯ ಸ್ಥಿತಿಯೂ ಇಂಥದೇ. ಕ್ರಿ.ಶ. 60ರ ಭೂಕಂಪದಲ್ಲಿ ಆ ಪಟ್ಟಣವು ಬಿದ್ದಾಗ ಅಲ್ಲಿಯ ಜನರು ರೋಮಾಪುರದ ಸಹಾಯವಿಲ್ಲದೆ ತಮ್ಮ ಸ್ವಂತ ಹಣದಿಂದಲೇ ಅದನ್ನು ಕಟ್ಟಿಕೊಂಡರು. ಕುಡಿಯುವ ನೀರನ್ನು ಮಾತ್ರ ದೂರದಿಂದ ಕೊಳವೆಗಳಲ್ಲಿ ತರಬೇಕಾಗಿತ್ತು. ಈಗ ಅಗೆದು ತೆಗೆದ ಆ ಕೊಳವೆಗಳ ಒಳಗೆ ಸುಣ್ಣವು ಪದರು ಪದರಾಗಿ ಕಟ್ಟಿಕೊಂಡಿರುವದು ಕಾಣುತ್ತದೆ. ಕೊಳವೆ ಒಡೆದಿರಲಿಲ್ಲ, ಅದರಲ್ಲಿ ಹರಿದ ನೀರೇ ದಿನದಿನಕ್ಕೆ ದಾರಿಯನ್ನು ಕಿರಿದು ಮಾಡಿತ್ತು. ಹಾಗೆಯೇ ಅಭ್ಯಾಸವಾಗಿಹೋದ ಪ್ರಾರ್ಥನೆಯೇ ಪ್ರಾರ್ಥನೆಯ ದಾರಿಯನ್ನು ಕಟ್ಟಬಹುದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರುಷಗಳ ಹಿಂದೆ ಕಾಯಿಲೆಯಲ್ಲಿದ್ದ ಒಬ್ಬ ತಾಯಿಯ ಮನೆಗೆ ಹೋಗಿ, ಬಾಯಿಗೆ ಬಂದ ಒಳ್ಳೆಯ ಮಾತುಗಳಿಂದ ಪ್ರಾರ್ಥಿಸಿ ಏಳುತ್ತಿದ್ದೆನು. ಆಕೆಯು, "ಅಯ್ಯನವರೇ, ಹೋದ ತಿಂಗಳೂ ಇವೇ ಮಾತುಗಳನ್ನು ಹೇಳಿದಿರಿ. ನನ್ನ ಮಗನು ಕೂಲಿಗೆ ಹೋದವನು ತಿರುಗಿ ಬರಲಿಲ್ಲ, ಅವನ ಹೆಸರನ್ನು ಹೇಳಲೇ ಇಲ್ಲವಲ್ಲ" ಅಂದಳು. ಅವಳು ಕೋಪದಿಂದ ಹೇಳಲಿಲ್ಲ. ನನಗೆ ಅವನ ಹೆಸರೇ ನೆನಪಿರಲಿಲ್ಲ. ಆ ದಿನದ ವರೆಗೆ ನನ್ನ ಮನಸ್ಸಿನಲ್ಲಿ ಬಹಳ ಸಮಾಧಾನವಿತ್ತು. ಅದು ಸಮಾಧಾನವಲ್ಲ, ಮೈಮರೆವೆಂದು ಆಗ ತಿಳಿಯಿತು.

ಹಾಗಾದರೆ ಇವೆರಡನ್ನು ಗುರುತಿಸುವದು ಹೇಗೆ? ಸಮಾಧಾನವು ದೇವರನ್ನು ಆತುಕೊಂಡಿರುತ್ತದೆ. ಮೈಮರೆವು ನಾವು ಕೂಡಿಸಿಟ್ಟದ್ದನ್ನು ಆತುಕೊಂಡಿರುತ್ತದೆ. ಸಮಾಧಾನವುಳ್ಳವನು ಪರೀಕ್ಷಿಸಿಕೊಳ್ಳಲು ಅಂಜುವದಿಲ್ಲ. ತಪ್ಪು ಕಂಡರೂ ಕ್ಷಮಿಸುವವನು ಇದ್ದಾನೆಂದು ಬಲ್ಲನು. ಮೈಮರೆತವನಾದರೋ ಪರೀಕ್ಷೆಯ ಮಾತೆತ್ತಿದರೆ ಸಿಟ್ಟಾಗುವನು.

ಎಚ್ಚರವೆಂದರೆ ನಿದ್ರೆಯಿಲ್ಲದ ಭಯವೂ ಅಲ್ಲ. ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ತೂಕಡಿಸಿದವರು ಬುದ್ಧಿಯಿಲ್ಲದ ಐವರು ಮಾತ್ರವಲ್ಲ, ಹತ್ತು ಮಂದಿಯೂ ಮಲಗಿದರು. ಕರ್ತನು ದಣಿವನ್ನು ತಪ್ಪೆಣಿಸಲಿಲ್ಲ, ಭೇದವಿದ್ದದ್ದು ಎಣ್ಣೆಯಲ್ಲಿ. ನಮ್ಮ ಎರೆ ಹೊಲದ ಒಕ್ಕಲಿಗನನ್ನು ನೋಡಿರಿ. ಜೋಳವನ್ನು ಬೆಳೆಯಿಸುವವನು ತಾನಲ್ಲವೆಂದು ಬಲ್ಲದರಿಂದ ರಾತ್ರಿ ನಿದ್ರೆಮಾಡುತ್ತಾನೆ. ಕಳೆಯನ್ನು ತೆಗೆಯಬೇಕಾದವನು ತಾನೇ ಎಂದು ಬಲ್ಲದರಿಂದ ಹಗಲು ಎಡೆಕುಂಟೆ ಹೊಡೆಯುತ್ತಾನೆ. ಆ ವೃದ್ಧರಿಗೆ ನಾನು ಈಗ ಕೊಡುವ ಉತ್ತರವು ಇದೇ.

ನಮ್ಮ ಜಿಲ್ಲೆಯ ಸಭೆಗಳಿಗೆ ಇನ್ನೊಂದು ಎಚ್ಚರಿಕೆಯೂ ತಕ್ಕದ್ದು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ದೊರೆಗಳು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಜೊತೆಗಾರರೊಡನೆ ಭಾಷಾಂತರಕ್ಕೆ ಕೈಹಾಕಿದರು. ಪೂರ್ಣ ಸತ್ಯವೇದವು ಕನ್ನಡಿಗರ ಕೈಸೇರಿದ್ದು 1831ರಲ್ಲಿ. ಇಪ್ಪತ್ತು ವರುಷಗಳ ಆ ಪ್ರಯಾಸದ ಫಲವು ಈಗ ಪ್ರತಿ ಮನೆಯ ಗೂಡಿನಲ್ಲಿಯೂ, ಮಕ್ಕಳ ಮೊಬೈಲಿನಲ್ಲಿಯೂ ಇದೆ. ಸುಲಭವಾಗಿ ಸಿಕ್ಕಿದ್ದರಿಂದಲೇ ನಾವು ಅದನ್ನು ತೆರೆಯುವದನ್ನು ನಾಳೆಗೆ ಇಡುತ್ತೇವಲ್ಲವೇ?

ಆದದರಿಂದ ಹಲಕುಂದಿ, ಕುರುಗೋಡು, ಸಿರುಗುಪ್ಪದ ಕಡೆಯ ಪ್ರಿಯರೇ, ದೊಡ್ಡ ಹರಕೆಗಳನ್ನು ಹೊರಬೇಡಿರಿ. ರಾತ್ರಿ ದೀಪ ಆರಿಸುವ ಮೊದಲು, ಈ ದಿನ ದೇವರೊಡನೆ ನಿಜವಾಗಿ ಮಾತಾಡಿದೆನೋ, ಇಲ್ಲವೆ ಮಾತುಗಳನ್ನು ಮಾತ್ರ ಹೇಳಿದೆನೋ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ನೆರೆಮನೆಯ ಒಬ್ಬರ ಕಷ್ಟವನ್ನು ಹೆಸರು ಹಿಡಿದು ಪ್ರಾರ್ಥಿಸಿರಿ. ಹೂಳು ದಿನದಿನಕ್ಕೆ ಬರುವದರಿಂದ ಅದನ್ನು ತೆಗೆಯುವದೂ ದಿನದಿನದ ಕೆಲಸವೇ. ಆ ಕೆಲಸವನ್ನು ಮಾಡಿ, ಉಳಿದದ್ದನ್ನು ತೂಕಡಿಸದೆ ನಮ್ಮನ್ನು ಕಾಯುವಾತನಿಗೆ ಒಪ್ಪಿಸಿ ನೆಮ್ಮದಿಯಿಂದ ಮಲಗಿರಿ.